ಉತ್ತರಕ್ಕೆ ಕಾಲು ಚಾಚಿ ಮಲಗಿದ ಅಚ್ಚು

ಬೆಳಿಗ್ಗೆ ಬಾವಿಯಿಂದ ಹದಿನಾಲ್ಕು ಕೊಡ ನೀರು ಸೇದಿ ಹಂಡೆ ತುಂಬಿದೆ. ಸ್ಟುಡಿಯೋದ ಹಿಂಬದಿಯ ಪರದೆ ಬಿಚ್ಚಿ ಬೀದಿಯಲ್ಲಿ ಧೂಳು ಕೊಡವಿದೆ. ಚಿತ್ರ ತೊಳೆಯುವ ಹೈಪೋ ಉಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಎರಡು ಸೀಸೆಗೆ ತುಂಬಿ ಬಿರಡೆ ಹಾಕಿದೆ. ಫೌಜಿಗೆ ಹೊರಟಿದ್ದ ಒಬ್ಬನ ಫೋಟೋ ತೆಗೆದೆ. ಟೋಪಿ ತೆಗೆಯುವುದಿಲ್ಲವೆಂದು ಹಟ ಹಿಡಿದಿದ್ದ, ತೆಗೆಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಸೀಮೆಎಣ್ಣೆ ಸಾಲಿನಲ್ಲಿ ನಿಂತು ಅರ್ಧ ಸೀಸೆ ತಂದೆ. ಮನೆಯವಳ ಚಪ್ಪಲಿಯ ಉಂಗುಷ್ಟ ಹೊಲಿಸಿಕೊಟ್ಟೆ. ಕಡೆಗೆ ಕಪ್ಪು ಪೆಟ್ಟಿಗೆ ತೆಗೆದು ಕಡಿಮೆ ಬೆಳಕಿನಲ್ಲೂ ಚಿತ್ರ ಹಿಡಿಯುವ ವೇಗದ ಗಾಜಿನ ಪ್ಲೇಟುಗಳನ್ನು ಬೆರಳಲ್ಲೇ ತಡವಿ ಎಣಿಸಿದೆ. ಆರು ಉಳಿದಿದ್ದವು. ಯುದ್ಧ ಶುರುವಾಗಿ ಮೂರು ವರ್ಷ ದಾಟಿತ್ತು. ಹಾಸನಕ್ಕೆ ಅಂಥ ಪ್ಲೇಟು ಇನ್ನು ಯಾವಾಗ ಬರುತ್ತದೆಂದು ಬೆಂಗಳೂರಿನ ಅಂಗಡಿಯವರೂ ಹೇಳುತ್ತಿರಲಿಲ್ಲ.

ಇನ್ನು ಊಟಕ್ಕೇಳೋಣ ಎನ್ನುವಾಗ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಗಂಡಸು ಹೊಳೆನರಸೀಪುರದವರು, ಸರ್ವೆ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು. ಎಡಗಣ್ಣು ಮುಚ್ಚಿಕೊಂಡಿತ್ತು. ಎಂದೋ ಗಡಿಕಲ್ಲು ನೆಡಿಸುವಾಗ ಚಕ್ಕೆ ಸಿಡಿದು ಹೋದದ್ದು. ಹಿಂದೆ ನಿಂತವರು ಅವರ ಹೆಂಡತಿ.

"ಮುಖದ ಚಿತ್ರ ತೆಗೆಯೋಕೆ ನಿಮ್ಮಲ್ಲಿ ದಪ್ಪ ಗಾಜಿನ ಮಸೂರ ಇದೆಯಂತೆ. ಅದರಲ್ಲಿ ನಕ್ಷತ್ರದ ಚಿತ್ರ ಬರುತ್ತದೆಯೇ?" ಎಂದು ಕೇಳಿದರು.

"ನಕ್ಷತ್ರ ಬಂದು ಈ ಕುರ್ಚಿ ಮೇಲೆ ಅಲ್ಲಾಡದೆ ಕೂತ್ಕೊಂಡರೆ ತೆಗೀತೀನಿ ಸ್ವಾಮಿ."

ಅವರು ನಗಲಿಲ್ಲ. ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. "ಇವ್ರೇ ಸರಿ ನೋಡಿ. ನಿಮ್ಮ ಹುಚ್ಚಿಗೆ ಇವ್ರೇ ಸರಿ," ಎಂದರು.

ಓವರ್‌ಸಿಯರರು ನೋಟ್‌ಬುಕ್ಕು ಬಿಡಿಸಿದರು. ಸಕಲೇಶಪುರದ ಕಡೆಯಿಂದ ಊರಿಗೆ ಮರಳಿದ ಯಾವನೋ ಬಿಳಿಯ ತೋಟದವನಿಂದ ಕೊಂಡ ಮೂರಂಗುಲದ ಹಿತ್ತಾಳೆ ದುರ್ಬೀನು ಅವರ ಬಳಿ ಇತ್ತು. ಪುಟದ ಮೇಲೆ ರೋಹಿಣಿಯ ಬಂಡಿಯನ್ನು ಬರೆದಿದ್ದರು: ಐದಾರು ಚುಕ್ಕೆ, ಅವುಗಳಲ್ಲಿ ದೊಡ್ಡದು ರೋಹಿಣಿ. ಅದರ ಮಗ್ಗುಲಿಗೆ ಪೆನ್ಸಿಲು ಮಲಗಿಸಿ ತಿಕ್ಕಿದ ಒಂದು ಸಣ್ಣ ಮಸುಕು. ಮುಂದಿನ ಪುಟದಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ.

"ಯಾವ ನಕ್ಷೆಯಲ್ಲೂ ಈ ಮಸುಕು ಇಲ್ಲ. ನಾನು ಒಂದೂವರೆ ವರ್ಷದಿಂದ ನೋಡುತ್ತಿದ್ದೇನೆ," ಎಂದರು.

"ಒಂದೂವರೆ ವರ್ಷದಿಂದ್ಲೇ ಮೈಸೂರಿನ ಡಾಕ್ಟರು ಕಣ್ಣಿಗೆ ಪೊರೆ ಬರ್ತಾ ಇದೆ, ಬಂದು ತೋರಿಸ್ತಾ ಇರಿ ಅಂತ ಹೇಳಿ ಕಳಿಸಿರೋದು," ಎಂದರು ಹೆಂಡತಿ. "ಒಂದ್ಸಲ ಹೋದವರು ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ. ಇವರಣ್ಣ ಹೀಗೇ ಮುಂದೂಡಿ ಮುಂದೂಡಿ, ಪೂರ್ತಿ ಕತ್ತಲಾದ ಮೇಲೆ ಹೋಗಿ, ಆಪರೇಷನ್ ಆದ್ರೂ ಕಣ್ಣು ಬರ್ಲಿಲ್ಲ. ಇರೋದು ಒಂದು ಕಣ್ಣು. ಅದರಲ್ಲೇನೂ ಇಲ್ಲ, ಇರೋದು ಆಕಾಶದಲ್ಲಿ ಅಂತಾರೆ."

"ಪ್ಲೇಟಿನಲ್ಲಿ ಮಸುಕು ಬಂದರೆ ಅದು ಆಕಾಶದ್ದು," ಎಂದರು ಅವರು, ನನ್ನನ್ನು ನೋಡುತ್ತಾ. "ಬರದಿದ್ದರೆ ನನ್ನ ಕಣ್ಣಿನದು. ಆಗ ಇವಳು ಹೇಳಿದ ದಿನ ಮೈಸೂರಿನ ರೈಲು ಹತ್ತುತ್ತೇನೆ, ಡಾಕ್ಟರು ಹೇಳಿದ್ದಕ್ಕೆ ತಲೆ ಬಾಗುತ್ತೇನೆ. ಇವಳ ಎದುರಿಗೇ ಹೇಳುತ್ತಿದ್ದೇನೆ."

ಇಷ್ಟು ದೊಡ್ಡ ಮಾತನ್ನು ನನ್ನ ಪ್ಲೇಟಿನ ಮೇಲೆ ಯಾರೂ ಇಟ್ಟಿರಲಿಲ್ಲ. ಮದುವೆಯ ಗುಂಪಿನಲ್ಲಿ ಒಬ್ಬ ಅಲ್ಲಾಡಿದರೆ ಒಂದು ಮುಖ ಕೆಡುತ್ತದೆ, ಅಷ್ಟೆ. ಇಲ್ಲಿ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಎಲ್ಲ ನಕ್ಷತ್ರವೂ ಮಸುಕಾಗುತ್ತದೆ. ಅವರು ಗೆದ್ದೆನೆಂದು ಮನೆಗೆ ಹೋಗುತ್ತಾರೆ, ಕಣ್ಣು ಹೋಗುತ್ತದೆ. ಆದ್ದರಿಂದ ನನ್ನ ಕೆಲಸದಲ್ಲಿ ಮಸೂರಕ್ಕಿಂತ, ಪ್ಲೇಟಿಗಿಂತ, ಅದನ್ನು ಹೊರುವ ಪೀಠವೇ ಮುಖ್ಯವೆಂದು ಅಂದು ಮಧ್ಯಾಹ್ನ ಊಟ ಮಾಡುತ್ತಲೇ ಅನ್ನಿಸಿತು.

ಕೆಲಸದ ಕ್ರಮ ಹೀಗಿತ್ತು. ಮುಖದ ಚಿತ್ರದ ಮಸೂರವನ್ನು ಒಂದು ತೇಗದ ಪೆಟ್ಟಿಗೆಗೆ ಕೂರಿಸಿ, ಹಿಂದೆ ಪ್ಲೇಟು ಹಿಡಿಯುವ ಚೌಕಟ್ಟು ಇಡುವುದು. ಆ ಪೆಟ್ಟಿಗೆಯನ್ನು ದುರ್ಬೀನಿನ ಬೆನ್ನಿಗೆ ಬಿಗಿಯುವುದು. ಚಿತ್ರ ಹಿಡಿಯುವುದು ಪೆಟ್ಟಿಗೆ. ದುರ್ಬೀನು ಬರೀ ಕಾವಲಿಗೆ. ಅದರ ಕಣ್ಣಿಡುವ ಗಾಜಿನೊಳಗೆ ಓವರ್‌ಸಿಯರರು ಜೇಡನ ಎಳೆಯಿಂದ ಒಂದು ಅಡ್ಡ, ಒಂದು ಉದ್ದ ಗೆರೆ ಹಾಕಿದ್ದರು. ಇಪ್ಪತ್ತೈದು ನಿಮಿಷ ರೋಹಿಣಿ ಆ ಎರಡು ಎಳೆ ಕೂಡುವ ಜಾಗದಲ್ಲೇ ಇರುವಂತೆ ನೋಡಿಕೊಂಡರೆ ಪ್ಲೇಟಿನ ಮೇಲೆ ಪ್ರತಿ ನಕ್ಷತ್ರವೂ ಚುಕ್ಕೆಯಾಗಿ ಬೀಳಬೇಕು. ಆಕಾಶ ತಿರುಗುತ್ತದೆ, ನಾವೂ ಅದರ ಜೊತೆಗೆ ಅಷ್ಟೇ ತಿರುಗಿಸಬೇಕು. ಹೇಳುವುದಕ್ಕೆ ಸುಲಭ.

ಮೊದಲು ನನ್ನ ಸ್ಟುಡಿಯೋದ ಮೂರು ಕಾಲಿನ ತೇಗದ ಸ್ಟ್ಯಾಂಡನ್ನೇ ಹೊಳೆನರಸೀಪುರಕ್ಕೆ ಹೊತ್ತುಕೊಂಡು ಹೋದೆ. ಅವರ ಮನೆಯ ಹಿತ್ತಿಲಿಗೆ ಹೊಳೆಯ ಕಡೆಯಿಂದ ಗಾಳಿ ನೇರ ಬರುತ್ತಿತ್ತು. ಸಂಜೆ ಏಳೂವರೆಗೆ ರೋಹಿಣಿ ನೆತ್ತಿಗೆ ಹತ್ತಿರವಿದ್ದಾಗ ಹತ್ತು ನಿಮಿಷ, ಕೈಯಲ್ಲೇ ಮೆಲ್ಲಗೆ ತಳ್ಳುತ್ತಾ, ಒಂದು ಪ್ಲೇಟು ತೆಗೆದೆ. ತೊಳೆದು ನೋಡಿದರೆ ಪ್ರತಿಯೊಂದು ನಕ್ಷತ್ರಕ್ಕೂ ಬಾಲ. ರೋಹಿಣಿಯಂತೂ ಬೆಂದ ಅನ್ನದ ಅಗುಳಿನ ಹಾಗೆ ಊದಿಕೊಂಡಿತ್ತು.

"ನೋಡಿ, ಮಸುಕು!" ಎಂದರು ಓವರ್‌ಸಿಯರರು.

"ಹಾಗಾದ್ರೆ ಆಕಾಶದಲ್ಲಿರೋ ಅಷ್ಟಕ್ಕೂ ಪೊರೆ ಬಂದಿದೆಯೋ?" ಎಂದರು ಹೆಂಡತಿ.

ಅವರು ಪ್ಲೇಟು ಕೆಳಗಿಟ್ಟರು. ಮನುಷ್ಯ ಹಟಮಾರಿಯೇ ಹೊರತು ಸುಳ್ಳನ್ನು ಒಪ್ಪುವವರಲ್ಲ. "ಇದು ಲೆಕ್ಕಕ್ಕಿಲ್ಲ," ಎಂದು ತಾವೇ ಹೇಳಿದರು.

ನಾನೂ ಅವರ ದುರ್ಬೀನಿನಲ್ಲಿ ನೋಡಿದೆ. ಮಸುಕು ಕಾಣಲಿಲ್ಲ. ನಿಮಗೆ ಅಭ್ಯಾಸವಿಲ್ಲ, ಇಂಥದ್ದಕ್ಕೆ ಕಣ್ಣು ಪಳಗಬೇಕು ಎಂದರು. ಅದೂ ನಿಜವೇ, ಕತ್ತಲೆ ಕೋಣೆಯಲ್ಲಿ ನನಗೆ ಕಾಣುವುದು ಬೇರೆಯವರಿಗೆ ಕಾಣುವುದಿಲ್ಲ. "ಬೇರೆ ಯಾವುದಾದರೂ ದೊಡ್ಡ ನಕ್ಷತ್ರಕ್ಕೆ ತಿರುಗಿಸಿ ನೋಡಿದಿರಾ? ಅದಕ್ಕೂ ಮಸುಕು ಕಂಡರೆ..." ಎಂದು ಕೇಳಿದೆ. ಅವರು ಕೇಳಿಸದವರಂತೆ ಗಾಜು ಒರೆಸತೊಡಗಿದರು. ಒಂದು ಹೊಲದ ಗಡಿಯನ್ನು ಎರಡು ಸಲ ಅಳೆಯದೆ ಬಿಡದವರು ಈ ಒಂದು ಅಳತೆಯನ್ನು ಮಾಡಿರಲಿಲ್ಲ.

ಎರಡನೆಯದು ಅವರ ಅಟ್ಟದಲ್ಲಿದ್ದ ಸರ್ವೆ ಯಂತ್ರದ ಪೀಠ. ಗಟ್ಟಿಮುಟ್ಟಾದ ಸಾಮಾನು, ಗಾಳಿಗೆ ಜಪ್ಪಯ್ಯ ಎನ್ನಲಿಲ್ಲ. ಆದರೆ ಅದಕ್ಕೆ ಎರಡು ತಿರುಪು, ಒಂದು ಎಡಬಲಕ್ಕೆ, ಇನ್ನೊಂದು ಮೇಲೆ ಕೆಳಕ್ಕೆ. ನಕ್ಷತ್ರ ಓರೆಯಾಗಿ ಹೋಗುತ್ತದೆ. ಇದನ್ನಷ್ಟು ತಿರುಗಿಸಿ ಅದನ್ನಷ್ಟು ತಿರುಗಿಸುವಷ್ಟರಲ್ಲಿ ಪ್ಲೇಟಿನ ಮೇಲೆ ನಕ್ಷತ್ರಗಳು ಮೆಟ್ಟಿಲು ಇಳಿದಂತೆ ಮೂಡಿದವು. ಅಲ್ಲಿಗೆ ಒಟ್ಟು ಎರಡು ಪ್ಲೇಟು ಹೋಯಿತು. ನಾಲ್ಕು ಉಳಿಯಿತು.

ಗಟ್ಟಿಯಾಗಿದ್ದರೆ ಸಾಲದು, ಒಂದೇ ಅಚ್ಚಿನ ಮೇಲೆ ತಿರುಗಬೇಕು, ಆ ಅಚ್ಚು ನೇರ ಧ್ರುವ ನಕ್ಷತ್ರದ ಕಡೆಗೆ ತೋರಬೇಕು. ಇಷ್ಟು ನಮಗೆ ಆಗ ತಿಳಿಯಿತು. ಓವರ್‌ಸಿಯರರ ಹತ್ತಿರ ಬಿಳಿಯರ ಸೀಮೆಯಿಂದ ಬಂದ ಹಳೆಯ ಪುಸ್ತಕವೊಂದಿತ್ತು. ಅದರ ಚಿತ್ರದಲ್ಲಿ ಕಬ್ಬಿಣದ ಕಂಬ, ಅದರ ನೆತ್ತಿಯಲ್ಲಿ ಮುಗಿಲಿಗೆ ಮುಖ ಮಾಡಿದ ಅಚ್ಚು. ಹಾಸನದ ವರ್ಕ್‌ಶಾಪಿನಲ್ಲಿ ಅಂಥದ್ದನ್ನೇ ಮಾಡಿಸೋಣ, ಬೇಕೆಂದ ಕಡೆಗೆ ಎತ್ತಿಕೊಂಡು ಹೋಗಬಹುದು ಎಂದು ನನ್ನ ಆಸೆ. ಅವರು ಪುಟದ ಹತ್ತಿರ ಕಣ್ಣು ತಂದು ನೋಡಿ ತಲೆ ಆಡಿಸಿದರು.

"ಇದು ಅವರ ಊರಿನ ಧ್ರುವಕ್ಕೆ. ಅಲ್ಲಿ ಧ್ರುವ ಅಷ್ಟು ಮೇಲೆ. ನಮ್ಮಲ್ಲಿ ಹದಿಮೂರು ಡಿಗ್ರಿಗೆ ಕಾಲು ಕಡಿಮೆ. ಆ ಹುಣಸೆ ಮರದ ನೆತ್ತಿಯ ಮೇಲೆ ಒಂದು ಗೇಣೂ ಏರುವುದಿಲ್ಲ, ನೋಡಿ."

ಹಾಗಾದರೆ ನಮ್ಮ ಅಚ್ಚು ನಿಲ್ಲುವುದಲ್ಲ, ಹೆಚ್ಚುಕಡಿಮೆ ಮಲಗುವುದು. ಮಲಗುವ ವಸ್ತುವಿಗೆ ನಡುವೆ ಒಂದು ಕಂಬ ಕೊಟ್ಟು ತೂಗಾಡಿಸುವುದು ಏಕೆ? ಎರಡೂ ತುದಿಗೆ ಆಸರೆ ಕೊಟ್ಟರಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಇದೇ ಯೋಚನೆ. ಇದ್ದಿಲು ಹೊಗೆಯ ಬಸ್ಸು ಏರಿನಲ್ಲಿ ನಿಂತು, ನಾವೆಲ್ಲ ಇಳಿದು ತಳ್ಳುತ್ತಿದ್ದಾಗ ಪಕ್ಕದಲ್ಲಿ ಒಂದು ಎತ್ತಿನ ಗಾಡಿ ಹಾದುಹೋಯಿತು. ಹುಲ್ಲು ತುಂಬಿದ ಭಾರದ ಗಾಡಿ. ಅಷ್ಟೂ ಭಾರ ಎರಡು ತುದಿಯಲ್ಲಿ ಆತುಕೊಂಡ ಒಂದು ಅಚ್ಚಿನ ಮೇಲೆ. ಎತ್ತಿಕೊಂಡು ಹೋಗುವ ಆಸೆಯನ್ನು ಅಲ್ಲೇ ಬಿಟ್ಟೆ. ಗಾಡಿಯ ಅಚ್ಚು, ಎರಡು ಕಲ್ಲುಕಂಬ. ನೆಟ್ಟ ಮೇಲೆ ಅದು ಅಲ್ಲಿಂದ ಕದಲುವುದಿಲ್ಲ. ಕದಲದಿರುವುದೇ ನಮಗೆ ಬೇಕಾಗಿದ್ದುದು.

ಅರಕಲಗೂಡಿನಲ್ಲಿ ಗಾಡಿ ಕಟ್ಟುವ ಬಡಗಿಯೊಬ್ಬನಿದ್ದ. ಅವನ ಕೊಟ್ಟಿಗೆಗೆ ಹೋಗಿ ಒಂದು ಅಚ್ಚು ಬೇಕೆಂದೆ.

"ಚಕ್ರ ಬ್ಯಾಡ್ವಾ ಸಾ?"

"ಬೇಡ."

"ಚಕ್ರ ಇಲ್ದೆ ಗಾಡಿ ಎಲ್ಗೋಯ್ತದೆ?"

"ಎಲ್ಲಿಗೂ ಹೋಗಬಾರದು. ಅಲ್ಲಾಡಲೂಬಾರದು. ಆದರೆ ತಿರುಗಬೇಕು."

ಅವನು ಉಳಿ ಕೆಳಗಿಟ್ಟ. "ಅಲ್ಲಾಡ್ದೆ ತಿರುಗೋದು! ಏನ್ ಸಾ ನೋಡಕ್ಕೆ ಇದು?"

"ರೋಹಿಣಿಯ ಬಂಡಿ ನೋಡಕ್ಕೆ."

"ಮ್ಯಾಲಿರೋ ಬಂಡಿ ನೋಡಕ್ಕೆ ಕೆಳಗಿನ್ ಬಂಡಿ ಅಚ್ಚಾ? ಅಂಗ್ ಏಳಿ ಮತ್ತೆ." ಮೂಲೆಯಿಂದ ಎರಡು ಅಚ್ಚು ಎಳೆದು ತಂದ. ಒಂದು ಹೊಸದು, ಮಿರಿಮಿರಿ ಮಿಂಚುತ್ತಿತ್ತು. ನಾನು ಅದಕ್ಕೇ ಕೈ ಹಾಕಿದೆ. "ಅದ್ ಬ್ಯಾಡ ಕಣ್ ಸಾ. ಒಸದು ಮೈ ಬಿಗಿ ಇರ್ತದೆ, ತಡೆದು ತಡೆದು ತಿರುಗ್ತದೆ. ಇದು ರಾಮನಾಥಪುರದ ರಸ್ತೇಲಿ ಅತ್ತು ವರ್ಸ ಓಡದೆ. ತುದಿ ಮುಟ್ಟಿ ನೋಡಿ."

ಮುಟ್ಟಿ ನೋಡಿದೆ. ನಡುವೆ ಚೌಕಾಕಾರದ ಕಬ್ಬಿಣ, ಎರಡು ತುದಿಯಲ್ಲಿ ದುಂಡು; ಆ ದುಂಡು ಗಾಜಿನಷ್ಟು ನುಣುಪು. ನಡುವಿನ ಚೌಕ ದುರ್ಬೀನು ಹೊರುವ ಮರದ ತಡಿ ಕೂರಿಸಲು ಹೇಳಿ ಮಾಡಿಸಿದಂತಿತ್ತು. ಚಕ್ರದ ನಡುವಿನ ಗುಂಬದೊಳಗೆ ತೊಡಿಸುವ ಕಬ್ಬಿಣದ ಬಳೆಗಳನ್ನೂ ಎರಡು ಕೊಟ್ಟ. ಅವನ್ನು ಕಲ್ಲಿನಲ್ಲಿ ಕೂರಿಸಿ, ಹರಳೆಣ್ಣೆ ಬಿಟ್ಟು, ಅಚ್ಚಿನ ತುದಿಗಳನ್ನು ಅದರೊಳಗೆ ಇಟ್ಟರೆ ಸರಿ.

ತಿರುಗಿಸುವ ಉಪಾಯ ಓವರ್‌ಸಿಯರರದು. ಅಚ್ಚಿನ ದಕ್ಷಿಣದ ತುದಿಯಿಂದ ಮೂರಡಿ ಎರಡಂಗುಲ ಉದ್ದದ ಒಂದು ಮರದ ತೋಳು. ಆ ತೋಳಿನ ಕೊನೆಯನ್ನು ಮೆಲ್ಲಗೆ ಒತ್ತುವ ಒಂದು ತಿರುಪು ಮೊಳೆ, ಅಂಗುಲಕ್ಕೆ ಹನ್ನೆರಡು ಸುತ್ತಿನದು. ನಿಮಿಷಕ್ಕೆ ಎರಡು ಸುತ್ತು ಹಾಕಿದರೆ ಆಕಾಶ ತಿರುಗುವಷ್ಟೇ ಅಚ್ಚು ತಿರುಗುತ್ತದೆ. ಲೆಕ್ಕವನ್ನು ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಾಡಿದರು. ನಾನು ನೋಡುತ್ತಾ ಕೂತಿದ್ದೆ.

ಉತ್ತರ ದಕ್ಷಿಣದ ಗೆರೆಯನ್ನು ನಾವಿಬ್ಬರೂ ಎರಡು ಸಂಜೆ ತೂಗುಗುಂಡು ಕಟ್ಟಿ, ಧ್ರುವವನ್ನು ನೋಡಿ, ಹಿತ್ತಿಲಲ್ಲಿ ಗೂಟ ಹೊಡೆದು ಗುರುತು ಮಾಡಿದೆವು. ಮಾರನೆಯ ದಿನ ಊರಿನ ಕಲ್ಲುಕೆಲಸದವನನ್ನು ಕರೆಸಿದೆ. ನಡುವಯಸ್ಸಿನ, ಮಾತು ಕಡಿಮೆಯ ಮನುಷ್ಯ. ಎರಡು ಕಲ್ಲು ಮೂರಡಿ ನೆಲದೊಳಗೆ ಹೋಗಬೇಕು. ನಡುವೆ ನಾಲ್ಕಡಿ ಅಂತರ. ಆ ನಾಲ್ಕಡಿಗೆ ಹನ್ನೊಂದು ಅಂಗುಲ ಏರು, ಎಳೆಯಷ್ಟು ಕಮ್ಮಿ. "ಅಚ್ಚನ್ನು ಈ ಗೆರೆ ಮೇಲೆ ಮಲಗಿಸು. ತಲೆ ಉತ್ತರಕ್ಕೆ ಬರಲಿ. ತಲೆ ಕಡೆಯ ಕಲ್ಲು ಎತ್ತರ," ಎಂದೆ. ಅವನು ನನ್ನ ಮುಖವನ್ನೊಮ್ಮೆ, ಮನೆಯನ್ನೊಮ್ಮೆ ನೋಡಿ, "ಆಯ್ತು ಸಾ," ಎಂದ. ಆ ನೋಟವೇನೆಂದು ಅಲ್ಲೇ ಕೇಳಬೇಕಾಗಿತ್ತು. ನನಗೆ ಚನ್ನರಾಯಪಟ್ಟಣದಲ್ಲಿ ಮದುವೆಯ ಫೋಟೋ ಒಪ್ಪಿಗೆಯಾಗಿತ್ತು. ಹೊರಟುಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಹಿಂದಿರುಗಿದೆ. ಈ ನಡುವೆ ಓವರ್‌ಸಿಯರರಿಗೆ ಜ್ವರ ಬಂದು ನಡುಮನೆಯಲ್ಲಿ ಮಲಗಿದ್ದರು. ಹಿತ್ತಿಲಿಗೆ ಬಂದು ನೋಡಿರಲಿಲ್ಲ. ಕಲ್ಲುಗಳು ಸೊಗಸಾಗಿ ನಿಂತಿದ್ದವು. ಗಾರೆ ನಯವಾಗಿತ್ತು. ಬಳೆಗಳು ಕಲ್ಲಿನಲ್ಲಿ ಹುಟ್ಟಿದವೋ ಎನ್ನುವಂತೆ ಕೂತಿದ್ದವು. ಮಟ್ಟಗೋಲು ಇಟ್ಟು ನೋಡಿದೆ. ಏರು ಸರಿಯಾಗಿ ಹನ್ನೊಂದು ಅಂಗುಲಕ್ಕೆ ಎಳೆಯಷ್ಟು ಕಮ್ಮಿ. ಎತ್ತರದ ಕಲ್ಲು ಮಾತ್ರ ದಕ್ಷಿಣದಲ್ಲಿತ್ತು.

ಅಮಾವಾಸ್ಯೆಗೆ ಮೂರು ದಿನ. ಅದಾದ ಮೇಲೆ ಎರಡು ಸಂಜೆ. ಆಮೇಲೆ ಬಾಲಚಂದ್ರ ಬೆಳೆದು, ರೋಹಿಣಿಯ ಹತ್ತಿರವೇ ಬಂದು, ಆಕಾಶ ಬೆಳ್ಳಗಾಗುತ್ತದೆ. ಮತ್ತೆ ಕತ್ತಲ ಸಂಜೆಗೆ ಕಾದರೆ ರೋಹಿಣಿ ಪಡುವಣಕ್ಕೆ ಇಳಿದಿರುತ್ತದೆ, ಅಲ್ಲಿಂದ ಮುಂದೆ ಮಳೆಗಾಲ. ಅಂದರೆ ಇನ್ನೊಂದು ವರ್ಷ. ಆ ಒಂದು ವರ್ಷ ಆ ಒಂದು ಕಣ್ಣು ಕಾಯಬೇಕು.

ಕಲ್ಲುಕೆಲಸದವನನ್ನು ಕರೆಸಿ ಕೇಳಿದೆ. "ಉತ್ತರಕ್ಕೆ ತಲೆ ಅಂತ ಹೇಳಿದ್ದೆನಲ್ಲಪ್ಪ?"

"ಊಂ ಸಾ, ಏಳುದ್ರಿ."

"ಮತ್ತೆ?"

ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. "ಒಳಗೆ ಯಜಮಾನ್ರು ಜರ ಬಂದು ಮಲಗವ್ರೆ. ಅಂತಾದ್ರಲ್ಲಿ ಇತ್ಲಲ್ಲಿ ಉತ್ರುಕ್ಕೆ ತಲೆ ಆಕಿ ಮಲಗ್ಸಕ್ಕೆ ನಂಗೆ ಮನಸು ಬರ್ನಿಲ್ಲ ಸಾ. ಪ್ಯಾಟೆಯೋರು, ಮರ್ತು ಏಳವ್ರೆ ಅಂದ್ಕಂಡು ನಾನೇ ಸರಿ ಮಾಡ್ಬುಟ್ಟೆ."

"ಅದು ಮನುಷ್ಯ ಅಲ್ಲ ಮಾರಾಯ, ಗಾಡಿ ಅಚ್ಚು!"

"ಮಲಗ್ಸು ಅಂದೋರು ನೀವೇ ಅಲ್ವಾ? ತಲೆ ಅಂದೋರೂ ನೀವೇ."

ಅಷ್ಟರಲ್ಲಿ ಓವರ್‌ಸಿಯರರ ಹೆಂಡತಿ ಮಜ್ಜಿಗೆ ತಂದವರು ಮಾತು ಕೇಳಿಸಿಕೊಂಡರು. ಈ ಪ್ಲೇಟು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಅವರಿಗೆ. ಅವರು ನನ್ನ ಪರ ಹೇಳುತ್ತಾರೆಂದುಕೊಂಡೆ.

"ಅವನು ಮಾಡಿದ್ರಲ್ಲಿ ತಪ್ಪೇನು?" ಎಂದರು. "ಈ ಮನೇಲಿ ಒಂದು ಹಾಸಿಗೆನೂ ಉತ್ತರಕ್ಕೆ ತಲೆದಿಂಬು ಕಂಡಿಲ್ಲ. ಇವ್ರಿಗೆ ಮೈ ಸರಿಯಿಲ್ಲದಾಗ ನೀವು ಹಾಗೆಲ್ಲ ಮಲಗಿಸ್ಬೇಡಿ. ದಕ್ಷಿಣಕ್ಕೇ ಇರಲಿ. ನಕ್ಷತ್ರ ಏನು ನಿಮ್ಮ ಅಚ್ಚು ನೋಡ್ಕೊಂಡು ಓಡಾಡುತ್ತಾ?"

ಧ್ರುವ, ಹದಿಮೂರು ಡಿಗ್ರಿ, ಅಚ್ಚು ತೋರಬೇಕಾದ ದಿಕ್ಕು, ಎಲ್ಲವನ್ನೂ ಹೇಳಿದೆ. ಹೇಳಿದಷ್ಟೂ ಅವರ ಮುಖ ಗಟ್ಟಿಯಾಯಿತು. ಒಳಗಿನಿಂದ ಓವರ್‌ಸಿಯರರು ಕಂಬಳಿಯೊಳಗಿಂದಲೇ ಕೂಗಿದರು: "ಅಚ್ಚಿಗೆ ತಲೆ ಇಲ್ಲ ಕಣೇ! ಅದೊಂದಕ್ಕೇ ಅಲ್ಲ ಇಲ್ಲದಿರೋದು!"

"ನೀವು ಸುಮ್ನೆ ಗಂಜಿ ಕುಡೀರಿ," ಎಂದು ಇವರು ಇಲ್ಲಿಂದಲೇ ಕೂಗಿದರು.

ನಾನು ತಗ್ಗಿನ ಕಲ್ಲಿನ ಮೇಲೆ ಕೂತು ಮಜ್ಜಿಗೆ ಕುಡಿದೆ. ಯಾರ ಮೇಲೂ ಸಿಟ್ಟು ಬರಲಿಲ್ಲ. ಆ ಮನುಷ್ಯ ಸೋಮಾರಿತನದಿಂದ ತಪ್ಪು ಮಾಡಿರಲಿಲ್ಲ. ಒಳಗೆ ಮಲಗಿದವರ ಮೇಲಿನ ಕಳಕಳಿಯಿಂದ ಮಾಡಿದ್ದ, ಅದೂ ಎಳೆಯಷ್ಟು ಕಮ್ಮಿಯನ್ನೂ ಬಿಡದೆ. ಆ ಹೆಂಗಸಿನೊಂದಿಗೆ ವಾದ ಮಾಡಿ ಗೆಲ್ಲಬಹುದಿತ್ತೇನೋ. ಆದರೆ ಜ್ವರದವರ ಬದಲು ನಾಳೆ ತಿರುಪು ತಿರುಗಿಸಬೇಕಾದ ಅವರ ಮನಸ್ಸು ಅಳುಕುತ್ತಿದ್ದರೆ ಆ ಗೆಲುವಿನಿಂದ ಏನಾಯಿತು? ಒಂದು ಕಲ್ಲಿನ ತುದಿಗೆ ತಲೆ ಎಂದು ಹೆಸರಿಟ್ಟವನು ನಾನು. ಎತ್ತರವಿದೆ, ಆದ್ದರಿಂದ ತಲೆ ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದೆ. ಕೆಲಸ ಮಾಡುವ ಕೈ ಯಾವ ತುದಿಯಲ್ಲಿದೆ? ತೋಳು ದಕ್ಷಿಣಕ್ಕೆ, ತಿರುಪು ದಕ್ಷಿಣಕ್ಕೆ, ಕಣ್ಣಿಟ್ಟು ನೋಡುವವನು ನಿಲ್ಲುವುದೂ ಆ ಕಡೆಗೇ. ಕಣ್ಣು ಕೈ ಇರುವ ಕಡೆ ತಾನೆ ತಲೆ?

ಲೋಟ ಕೆಳಗಿಟ್ಟು ಎದ್ದೆ. "ನಾನು ಹೇಳಿದ್ದು ತಪ್ಪು," ಎಂದೆ. "ತಲೆ ದಕ್ಷಿಣಕ್ಕೇ ಇರಲಿ. ಕಾಲು ಉತ್ತರಕ್ಕೆ ಚಾಚಲಿ."

"ಅಂಗ್ ಏಳಿ," ಎಂದ ಅವನು.

"ಕಾಲಿನ ಕಡೆಯ ಕಲ್ಲು ಎತ್ತರ. ಅಷ್ಟೇ ಬದಲಾಯಿಸು."

ಅವನು ಎರಡೂ ಕಲ್ಲನ್ನು ಕಣ್ಣಲ್ಲೇ ಅಳೆದ. "ಕಾಲು ಎತ್ರುಕ್ಕಾ ಸಾ?"

"ಹೂಂ."

"ಕಾಲೂತ ಬಂದೋರು ಅಂಗೇ ಮಲಗದು," ಎಂದು ತನಗೆ ತಾನೇ ಒಪ್ಪಿಸಿಕೊಂಡ. "ನಮ್ಮತ್ತೆ ಎಲ್ಡು ದಿಂಬು ಕಾಲಡಿ ಇಟ್ಕಂಡೇ ಮಲಗೋರು. ಎಂಬತ್ತು ವರ್ಸ ಬದುಕುದ್ರು." ಹಾರೆ ತರಲು ಹೊರಟ.

"ತಲೆ ದಕ್ಷಿಣಕ್ಕೆ ತಾನೆ?" ಎಂದು ಓವರ್‌ಸಿಯರರ ಮನೆಯ ಅಮ್ಮನವರು ನನ್ನನ್ನು ಕೇಳಿದರು.

"ದಕ್ಷಿಣಕ್ಕೇ ತಾಯಿ."

ಒಳಗೆ ಹೋಗಿ ಅರಿಶಿನ ತಂದು ತಗ್ಗಿನ ಕಲ್ಲಿಗೆ ತಾವೇ ಹಚ್ಚಿದರು, ಇನ್ನು ಯಾರೂ ತಪ್ಪಬಾರದೆಂದು. ನಾನು ಅವರಿಗೆ ಮೋಸ ಮಾಡಿದೆನೇ ಎಂದು ಆಮೇಲೆ ಕೆಲವು ಸಲ ಯೋಚಿಸಿದ್ದೇನೆ. ಸುಳ್ಳಂತೂ ಹೇಳಲಿಲ್ಲ. ಕಲ್ಲು ಹೋಗಬೇಕಾದ ಜಾಗಕ್ಕೆ ಹೋಯಿತು, ಹೆಸರೂ ಇರಬೇಕಾದ ಜಾಗಕ್ಕೆ ಹೋಯಿತು.

ಹಸಿ ಗಾರೆಯಾದ್ದರಿಂದ ಸಂಜೆಯೊಳಗೆ ಒಡೆದು ಅದಲುಬದಲು ಮಾಡಿದ. ಎರಡು ದಿನ ಗೋಣಿಚೀಲ ಹೊದಿಸಿ ನೀರು ಹಾಕಿದೆವು. ದುರ್ಬೀನಿನ ಭಾರಕ್ಕೆ ಸಮತೂಕವಾಗಿ ಅಚ್ಚಿನ ಇನ್ನೊಂದು ಮಗ್ಗುಲಿಗೆ ಕಲ್ಲು ತುಂಬಿದ ಚೀಲ ಕಟ್ಟಿ ನೋಡಿದೆ, ಓಲಾಡಿತು. ಅಮ್ಮನವರು ಹಳೆಯ ಒರಳಿನ ಗುಂಡು ಕೊಟ್ಟರು, ಅದನ್ನು ಬಿಗಿದ ಮೇಲೆ ಅಚ್ಚು ಒಂದು ಬೆರಳಿಗೆ ತಿರುಗಿ, ಬಿಟ್ಟಲ್ಲಿ ನಿಂತಿತು. ಅಮಾವಾಸ್ಯೆಯ ಸಂಜೆ ರೋಹಿಣಿಯನ್ನು ಎಳೆಗಳ ನಡುವೆ ತಂದು, ಕಲ್ಲನ್ನು ಅಂಗೈಯಿಂದ ಗುದ್ದಿದೆ. ನಕ್ಷತ್ರ ಮಿಸುಕಲಿಲ್ಲ. ಮೈಸೂರಿನ ರೈಲು ಬಂದಾಗ ಮಾತ್ರ ಸಣ್ಣಗೆ ನಡುಗಿತು. ರೈಲು ಸೇತುವೆ ದಾಟುವವರೆಗೆ ಕಾದು, ಮಸೂರದ ಮುಚ್ಚಳ ತೆಗೆದೆ.

ಓವರ್‌ಸಿಯರರಿಗೆ ಜ್ವರ ಬಿಟ್ಟಿತ್ತು. ಕಂಬಳಿ ಹೊದ್ದು ಗಡಿಯಾರವನ್ನು ಕಿವಿಗೆ ಹಿಡಿದು ಎಣಿಸಿದರು. ತಿರುಪು ತಿರುಗಿಸಲು ತಾವೇ ಬರುತ್ತೇನೆಂದಿದ್ದರು, ನಾನು ಬೇಡವೆಂದೆ. ಅಮ್ಮನವರು ಕೂತರು. ಓವರ್‌ಸಿಯರರು ಹದಿನೈದು ಎಂದಾಗಲೆಲ್ಲ ಇವರು ಅರ್ಧ ಸುತ್ತು. ಎಷ್ಟೋ ವರ್ಷ ರಾಗಿಕಲ್ಲು ಬೀಸಿದ ಕೈ. ಒಂದು ಸುತ್ತಿಗೂ ಇನ್ನೊಂದಕ್ಕೂ ವ್ಯತ್ಯಾಸವಿರಲಿಲ್ಲ. ನಾನು ಕಣ್ಣಿಟ್ಟು, "ಎಳೆಯಷ್ಟು ಹೆಚ್ಚು", "ಸಾಕು", "ಸಾಕು" ಎನ್ನುತ್ತಿದ್ದೆ. ಇಪ್ಪತ್ತೈದು ನಿಮಿಷ ಕಳೆದ ಮೇಲೆ ಮುಚ್ಚಳ ಹಾಕಿದೆ.

"ನಾಳೆಯೂ ಒಂದು ತೆಗೆಯಿರಿ," ಎಂದರು ಓವರ್‌ಸಿಯರರು. "ಗಾಜಿನ ಮೇಲೆಯೇ ಕಲೆ ಇರಬಹುದು. ಎರಡರಲ್ಲೂ ಬಂದದ್ದು ಮಾತ್ರ ಆಕಾಶದ್ದು." ಅದರಂತೆ ಪಾಡ್ಯದ ಸಂಜೆಯೂ ತೆಗೆದೆವು.

ಬಚ್ಚಲುಮನೆಯ ಕಿಂಡಿಗೆ ಕಂಬಳಿ ಹೊಡೆದು, ಲಾಟೀನಿಗೆ ಕೆಂಪು ಬಟ್ಟೆ ಸುತ್ತಿ ತೊಳೆದೆ. ಎರಡು ಪ್ಲೇಟಿನಲ್ಲೂ ನಕ್ಷತ್ರಗಳು ಸೂಜಿಯಲ್ಲಿ ಚುಚ್ಚಿದ ಹಾಗೆ ಬಂದಿದ್ದವು. ಬಾಲವಿಲ್ಲ, ಮೆಟ್ಟಿಲಿಲ್ಲ. ಬರಿಗಣ್ಣಿಗೆ ಎಂದೂ ಕಾಣದ ನೂರಾರು ಚುಕ್ಕೆ. ರೋಹಿಣಿಯ ಮಗ್ಗುಲು ಎರಡರಲ್ಲೂ ಖಾಲಿ. ಒಣಗಿದ ಮೇಲೆ ಓವರ್‌ಸಿಯರರ ಕೈಗೆ ಕೊಟ್ಟೆ. ಅವರು ಹಿಡಿದು ನೋಡಿ, "ಇದರಲ್ಲಿ ಆಕಾಶ ಬೆಳ್ಳಗೆ, ನಕ್ಷತ್ರ ಕಪ್ಪಗೆ. ನನಗೆ ಹೀಗೆ ನೋಡಿ ಅಭ್ಯಾಸವಿಲ್ಲ. ಆಕಾಶದ ಹಾಗೇ ಮಾಡಿಕೊಡಿ," ಎಂದರು. ನ್ಯಾಯವಾದ ಮಾತು. ಮಾರನೆಯ ದಿನ ಅಲ್ಲೇ ಉಳಿದು, ನಿಧಾನದ ಬೇರೊಂದು ಪ್ಲೇಟಿನ ಮೇಲೆ ಎರಡರಲ್ಲಿ ಒಂದನ್ನು ಒತ್ತಿ ಪ್ರತಿ ತೆಗೆದೆ. ಈಗ ಕಪ್ಪು ಗಾಜಿನಲ್ಲಿ ಬಿಳಿಯ ಚುಕ್ಕೆಗಳು.

ದೀಪ ಹಚ್ಚುವ ಹೊತ್ತಿಗೆ ಅದು ಒಣಗಿತ್ತು. ಓವರ್‌ಸಿಯರರು ಲಾಟೀನಿನ ಮುಂದೆ ಅದನ್ನು ಹಿಡಿದು, ಬಲಗಣ್ಣಿಗೆ ಭೂತಗನ್ನಡಿ ಇಟ್ಟುಕೊಂಡರು. ಬೆಳಕು ಹಿಂದಿನಿಂದ ಬಂದು ರೋಹಿಣಿ ನಿಜಕ್ಕೂ ಹೊಳೆಯುತ್ತಿತ್ತು. ಬಹಳ ಹೊತ್ತು ನೋಡಿದರು.

"ಇದೆ," ಎಂದರು. "ಇದೆ ನೋಡಿ. ರೋಹಿಣಿಯ ಬಲಕ್ಕೆ. ನಾನು ಬರೆದ ಹಾಗೇ ಇದೆ."

ಅಮ್ಮನವರು ನನ್ನನ್ನು ನೋಡಿದರು. ನಾನು ಓವರ್‌ಸಿಯರರ ಭುಜದ ಮೇಲಿಂದ ಬಗ್ಗಿ ನೋಡಿದೆ. ಬಲಕ್ಕೆ ಕಪ್ಪು ಗಾಜಲ್ಲದೆ ಬೇರೇನೂ ಇರಲಿಲ್ಲ. ಪೀಠ, ಕಲ್ಲು, ಅಚ್ಚು, ಮಾಡಿದ್ದೆಲ್ಲ ಹೋಯಿತು ಎಂದುಕೊಂಡೆ.

ಆಗ ಅವರು ಯಾರೂ ಹೇಳದೆ ಒಂದು ಕೆಲಸ ಮಾಡಿದರು. ಪ್ಲೇಟನ್ನು ತಲೆಕೆಳಗು ಮಾಡಿ ಹಿಡಿದರು. ಬಂಡಿ ಮಗುಚಿತು. ಮತ್ತೆ ಭೂತಗನ್ನಡಿ ಇಟ್ಟು ನೋಡಿದರು. ಪುನಃ ನೇರ ಮಾಡಿದರು, ನೋಡಿದರು. ಮತ್ತೆ ತಿರುಗಿಸಿದರು. ಈ ಸಲ ಬೆರಳಿನ ತುದಿಯನ್ನು ಗಾಜಿನ ಅಂಚಿನಲ್ಲಿ ಗುರುತಿಗೆ ಇಟ್ಟುಕೊಂಡು, ರೋಹಿಣಿಯನ್ನು ಬಿಟ್ಟು ಬೇರೆ ಒಂದು ದೊಡ್ಡ ಚುಕ್ಕೆಯನ್ನು ನೋಡಿದರು.

"ಮಗುಚಿದರೂ ಬಲಕ್ಕೇ ಇದೆ," ಎಂದರು. "ಪ್ಲೇಟಿನಲ್ಲಿದ್ದಿದ್ದರೆ ಎಡಕ್ಕೆ ಬರಬೇಕಾಗಿತ್ತು. ಆ ಇನ್ನೊಂದು ಚುಕ್ಕೆಗೂ ಇದೆ."

ಭೂತಗನ್ನಡಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ನೋಟ್‌ಬುಕ್ಕು ತರಿಸಿ, ಕಡೆಯ ಪುಟದಲ್ಲಿ ಏನೋ ಒಂದು ಸಾಲು ಬರೆದು ಮುಚ್ಚಿದರು.

"ಬೆಳಗಿನ ರೈಲು ಎಷ್ಟು ಹೊತ್ತಿಗೆ?" ಎಂದು ಹೆಂಡತಿಯನ್ನು ಕೇಳಿದರು.

ಅಮ್ಮನವರಿಗೆ ಗೊತ್ತಿತ್ತು. ಒಲೆಯ ಮುಂದೆ ಹೋಗಿ ಕೂತು, ಮುದ್ದೆಯ ಹಿಟ್ಟು ಬೆಂದಿದೆಯೋ ಎಂದು ನೋಡಿ, ಅಲ್ಲಿಂದಲೇ ಹೇಳಿದರು.

ಅಂದು ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಸುಟ್ಟ ಬದನೆಕಾಯಿಯ ಗೊಜ್ಜು, ಮಜ್ಜಿಗೆ. ಓವರ್‌ಸಿಯರರು ಜ್ವರ ಬಿಟ್ಟ ಬಾಯಿಗೆ ರುಚಿಯೆಂದು ಎರಡನೆಯ ಮುದ್ದೆ ಹಾಕಿಸಿಕೊಂಡರು. ನಾನು ಒಂದೂವರೆ ತಿಂದೆ. ಅಮ್ಮನವರು ಕಡೆಯಲ್ಲಿ ಕೂತು, ಅರ್ಧ ಮುದ್ದೆ ತಿಂದು, ಕೈ ತೊಳೆದು, ಪಾತ್ರೆ ಆಮೇಲೆ ಬೆಳಗುತ್ತೇನೆಂದು ಗೋಡೆಗೆ ಒರಗಿದವರು ಹಾಗೆಯೇ ನಿದ್ದೆ ಹೋದರು. ನಾವಿಬ್ಬರೂ ಎಬ್ಬಿಸಲಿಲ್ಲ. ಓವರ್‌ಸಿಯರರು ಲಾಟೀನು ಸಣ್ಣ ಮಾಡಿ, ಪಾತ್ರೆಗಳನ್ನು ಕೈಯಿಂದ ತಡವಿ ತಡವಿ ಒಂದೊಂದಾಗಿ ಬಚ್ಚಲಿಗೆ ಸಾಗಿಸಿದರು, ಸದ್ದು ಮಾಡದೆ.